ಯಾರ ಪೈಕಿಯಪ್ಪ ನೀನು?

ನಮ್ಮತ್ತೆ ಫೋನು ಎತ್ತಿದರೆ ಹಲೋ ಅನ್ನುವುದಿಲ್ಲ. ಯಾರು ಅನ್ನುತ್ತಾರೆ. ಆಮೇಲೆ ಯಾವೂರು, ಯಾರ ಮಗ, ಯಾರ ಪೈಕಿ, ಮನೆದೇವರು ಯಾವುದು. ಪಾಂಡವಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಗುರುತಿಲ್ಲದವರನ್ನು ಅಳೆಯುವುದು ಹೀಗೆಯೇ. ಸ್ಟೀಲ್ ಪಾತ್ರೆ ಮಾರುವವನು ಬರಲಿ, ಕರೆಂಟು ಮೀಟರು ನೋಡುವವನು ಬರಲಿ, ಈ ವಿಚಾರಣೆ ಮುಗಿಯದೆ ಅವನಿಗೆ ಒಂದು ಲೋಟ ನೀರೂ ಸಿಗುವುದಿಲ್ಲ. ಉತ್ತರ ಸರಿಹೋಯಿತೋ, ಜಗಲಿ, ನೀರು, ಕಾಫಿ ಎಲ್ಲವೂ ಉಂಟು. ನಾಲ್ಕು ಮಾತಿನಲ್ಲಿ ಎಂಥವನ ಬಂಡವಾಳವನ್ನೂ ಈಚೆಗೆ ಎಳೆಯುತ್ತೇನೆಂದು ಅತ್ತೆಗೆ ಬಹಳ ಜಂಬ.

ನನಗೆ ಆ ಜಂಬ ಕಂಡರೆ ಆಗುತ್ತಿರಲಿಲ್ಲ. ಯಾಕೆಂದರೆ ಆ ವಿಚಾರಣೆಯಲ್ಲಿ ಮುಕ್ಕಾಲು ಪಾಲು ಮಾತಾಡುತ್ತಿದ್ದವರು ಅತ್ತೆಯೇ. ಯಾವೂರಪ್ಪ ಎಂದು ಕೇಳಿ, ಅವನು ಬಾಯಿ ತೆರೆಯುವ ಮೊದಲೇ, ಗೋವಿಂದನಹಳ್ಳಿ ಕಡೆಯವನ ಹಾಗೆ ಕಾಣುತ್ತೀಯ, ನಮ್ಮವ್ವನ ತವರು ಅದೇ ಎಂದುಬಿಡುತ್ತಿದ್ದರು. ಎದುರಿಗಿದ್ದವನು ಊಂ ಅಂದರೆ ಸಾಕು. ಪರೀಕ್ಷೆಗೆ ಕೂತವನಿಗೆ ಮೇಷ್ಟರೇ ಉತ್ತರ ಹೇಳಿಕೊಟ್ಟು, ಆಮೇಲೆ ಪಾಸಾದೆ ಎಂದು ಬೆನ್ನು ತಟ್ಟಿದ ಹಾಗೆ. ಇದನ್ನು ಹೇಳಿದರೆ ನನ್ನ ಗಂಡ ನಗುತ್ತಿದ್ದರು. ಅತ್ತೆ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.

ನಾನು ಶ್ರೀರಂಗಪಟ್ಟಣದಲ್ಲಿ ಒಂದು ಸಣ್ಣ ಸಹಕಾರ ಸಂಘದ ಕಚೇರಿಯಲ್ಲಿ ಗುಮಾಸ್ತೆ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸು ಹತ್ತಿ ಬರುವವಳು. ಈಗೊಂದಷ್ಟು ವರ್ಷಗಳಿಂದ ನಮ್ಮ ಮೇಜಿನ ಮುಂದೆ ಬಂದು ನಿಲ್ಲುವವರಲ್ಲಿ ಕೆಲವರು ಕೈಯಲ್ಲಿ ಫೋನು ಹಿಡಿದುಕೊಂಡು ಅಳುತ್ತಿರುತ್ತಾರೆ. ಯಾರೋ ಫೋನು ಮಾಡಿದ, ಏನೋ ನಂಬರು ಬಂತು, ಹೇಳಿದೆ, ಹೋಯಿತು. ಕಥೆ ಒಂದೇ, ಅಳುವ ಮುಖ ಮಾತ್ರ ಬೇರೆ. ಅದನ್ನೆಲ್ಲ ಕೇಳಿಕೊಂಡು ಮನೆಗೆ ಬಂದು ನಾನು ಪಾಠ ಶುರುಮಾಡುತ್ತಿದ್ದೆ. ಫೋನಿಗೆ ಬಂದ ನಂಬರನ್ನು ದೇವರು ಬಂದು ಕೇಳಿದರೂ ಹೇಳಬೇಡಿ. ಗೊತ್ತಿಲ್ಲದ ಲಿಂಕು ಮುಟ್ಟಬೇಡಿ. ಗುಟ್ಟಿನ ನಂಬರು ಗೋಡೆಯ ಮೇಲೆ ಬರೆಯಬೇಡಿ.

ಯಾರಿಗೆ ಹೇಳುವುದು? ನನ್ನ ಗಂಡನ ಎಲ್ಲ ಪಾಸ್‌ವರ್ಡೂ ಮನೆದೇವರ ಹೆಸರು. ಆ ಹೆಸರನ್ನು ಅವರು ತಮ್ಮ ಟ್ರ್ಯಾಕ್ಟರಿನ ಮುಂದೆ ಕೆಂಪು ಬಣ್ಣದಲ್ಲಿ, ಊರಿನ ಆ ತುದಿಗೂ ಕಾಣುವಷ್ಟು ದಪ್ಪಕ್ಷರದಲ್ಲಿ ಬರೆಸಿದ್ದಾರೆ. ಬದಲಾಯಿಸಿ ಎಂದು ಎಷ್ಟು ಬೇಡಿಕೊಂಡರೂ, ದೇವರೇ ಕಾಯುತ್ತಾನೆ ಬುಡು ಅನ್ನುವುದೇ ಜವಾಬು. ಅತ್ತೆಯದು ಇನ್ನೊಂದು ಬಗೆ. ಯಾರಿಗೆ ಫೋನು ಮಾಡಿದರೂ ಮೊದಲು ಒಂದು ದನಿ ಬಂದು, ಮೋಸಗಾರರಿದ್ದಾರೆ ಎಚ್ಚರ ಎಂದು ಹೇಳುತ್ತಿತ್ತಲ್ಲ, ಅದು ಬಂದ ಕೂಡಲೇ ಅತ್ತೆ ಫೋನನ್ನು ಕಿವಿಯಿಂದ ದೂರ ಹಿಡಿದು, ಇವಳು ಯಾವಾಗ ಮುಗಿಸುತ್ತಾಳೋ ಎಂದು ಗೊಣಗುತ್ತಿದ್ದರು. ಅವರ ಪಾಲಿಗೆ ನನ್ನ ಮಾತೂ ಅದೇ ದನಿ. ಮುಗಿಯುವ ತನಕ ಕಾಯುವುದು, ಆಮೇಲೆ ತಮ್ಮ ಕೆಲಸ ನೋಡಿಕೊಳ್ಳುವುದು.

ಅತ್ತೆಯ ಫೋನಿನ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ಅವರು ಮೂವರು ಅಕ್ಕತಂಗಿಯರು. ನಮ್ಮತ್ತೆ ದೊಡ್ಡವರು. ನಡುವಿನ ಚಿಕ್ಕತ್ತೆ ಕೆ.ಆರ್. ಪೇಟೆಯ ಹತ್ತಿರ ಹೊಸಹೊಳಲಿನಲ್ಲಿ, ಕೊನೆಯವರು ನಾಗಮಂಗಲದ ಕಡೆ ದೇವಲಾಪುರದ ಹತ್ತಿರ. ಸಂಜೆ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ ಮೂವರೂ ಫೋನಿನಲ್ಲಿ ಕೂರುತ್ತಿದ್ದರು. ಅತ್ತೆಗೆ ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ. ಹಾಗಾಗಿ ಬರೆದು ಕಳಿಸುವುದೇನಿದ್ದರೂ ನನ್ನ ಕೆಲಸ. ಎಮ್ಮೆ ಕರು ಹಾಕಿತು, ಭಾನುವಾರ ಬರುತ್ತೇವೆ, ಮಂಡಿ ನೋವಿನ ಎಣ್ಣೆ ಸಿಕ್ಕಿತು, ಹೀಗೆ ಅವರು ಹೇಳುವುದು, ನಾನು ಬರೆಯುವುದು. ಅತ್ತೆಯ ಫೋನಿನಿಂದ ಅಕ್ಷರ ಬಂದರೆ ಅದು ಸೊಸೆಯ ಕೈ ಎಂದು ಇಡೀ ನೆಂಟರ ಬಳಗಕ್ಕೆ ಗೊತ್ತಿತ್ತು. ಆ ಗೊತ್ತಿರುವುದೇ ನನ್ನ ಕುತ್ತಿಗೆಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಆಷಾಢ ಮುಗಿದು ಶ್ರಾವಣ ಹಿಡಿದಿತ್ತು. ಒಂದು ಮಧ್ಯಾಹ್ನ ಕಚೇರಿಯಲ್ಲಿದ್ದಾಗ ನನ್ನ ಗಂಡನ ಫೋನು ಬಂತು. ಅವ್ವ ಯಾವ ಆಸ್ಪತ್ರೆಯಲ್ಲಿದ್ದಾರೆ ಎಂದು ಯಾರೋ ಕೇಳುತ್ತಿದ್ದಾರಂತೆ, ಏನು ವಿಷಯ ಎಂದರು. ಅವರು ಗದ್ದೆಯಲ್ಲಿದ್ದರು. ನಾನು ಅತ್ತೆಗೆ ಮಾಡಿದೆ. ಅತ್ತೆ ಮನೆಯಲ್ಲೇ ಇದ್ದರು, ಗಟ್ಟಿಯಾಗಿಯೇ ಇದ್ದರು, ಹಸುವಿಗೆ ಹಿಂಡಿ ಕಲಸುತ್ತಿದ್ದರು.

ಮನೆಗೆ ಬಂದು ಅವರ ಫೋನು ನೋಡಿದರೆ ಮೆಸೇಜು ಕಳಿಸುವ ಆ್ಯಪು ತೆರೆಯುತ್ತಲೇ ಇಲ್ಲ. ಈ ನಂಬರಿನ ಖಾತೆ ಬೇರೆ ಫೋನಿನಲ್ಲಿ ಶುರುವಾಗಿದೆ ಅನ್ನುತ್ತಿದೆ. ಅತ್ತೆಯ ಹೆಸರು, ಹೊಸಹೊಳಲಿನ ಗುಡಿಯ ಮುಂದೆ ಮೂವರು ಅಕ್ಕತಂಗಿಯರು ನಿಂತು ತೆಗೆಸಿಕೊಂಡ ಫೋಟೋ, ಎಲ್ಲವನ್ನೂ ಹಾಕಿಕೊಂಡು ಯಾವನೋ ಒಬ್ಬ ನಮ್ಮ ಬಳಗಕ್ಕೆಲ್ಲ ಬರೆಯುತ್ತಿದ್ದ. ಬಿದ್ದುಬಿಟ್ಟಿದ್ದೇನೆ, ಆಸ್ಪತ್ರೆಯಲ್ಲಿದ್ದೇನೆ, ಮಾತಾಡಲು ಆಗುವುದಿಲ್ಲ, ಫೋನು ಮಾಡಬೇಡಿ, ಈ ನಂಬರಿಗೆ ದುಡ್ಡು ಹಾಕಿ. ಬೇರೆಯವರು ಅನುಮಾನಪಟ್ಟರು. ಹೊಸಹೊಳಲಿನ ಚಿಕ್ಕತ್ತೆ ಅನುಮಾನಪಡಲಿಲ್ಲ. ಕೊಟ್ಟಿಗೆಗೆ ಶೀಟು ಹಾಕಿಸಲು ಇಟ್ಟುಕೊಂಡಿದ್ದ ದುಡ್ಡನ್ನು ಮಗನ ಕೈಲಿ ಆ ಕ್ಷಣವೇ ಹಾಕಿಸಿದರು. ಅಕ್ಕ ಬಿದ್ದಿದ್ದಾಳೆ ಅಂದರೆ ತಂಗಿ ಕೂತು ಯೋಚನೆ ಮಾಡುತ್ತಾಳೆಯೇ? ಅದರಲ್ಲಿ ಅವರ ತಪ್ಪೇನೂ ಇಲ್ಲ ಎಂದು ಇವತ್ತಿಗೂ ನನ್ನ ಅಭಿಪ್ರಾಯ.

ಸಹಾಯವಾಣಿಗೆ ಹೇಳಿದ್ದಾಯಿತು, ಠಾಣೆಗೆ ಹೋಗಿದ್ದಾಯಿತು, ಬ್ಯಾಂಕಿಗೆ ಅರ್ಜಿ ಕೊಟ್ಟಿದ್ದಾಯಿತು. ಖಾತೆ ನಮ್ಮ ಕೈಗೆ ಬಂತು, ಹೋದ ದುಡ್ಡು ಬರಲಿಲ್ಲ. ಯಾರಾದರೂ ಫೋನು ಮಾಡಿ ನಂಬರು ಕೇಳಿದ್ದರೇ ಎಂದು ಅತ್ತೆಯನ್ನು ಕೇಳಿದೆ. ಇಲ್ಲ ಅಂದರು. ಅವರ ಫೋನಿನಲ್ಲಿ ಆರು ಅಂಕಿಯ ಮೆಸೇಜು ಬಿದ್ದಿತ್ತು. ಅದೇ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಬಹಳ ಹೊತ್ತು ಮಾತಾಡಿದ ಗುರುತೂ ಇತ್ತು. ತೋರಿಸಿದೆ. ರಾಂಗ್ ನಂಬರು ಇರಬೇಕು ಎಂದು ಎದ್ದು ಹೋದರು. ರಾಂಗ್ ನಂಬರಿನವನ ಹತ್ತಿರ ಅಷ್ಟು ಹೊತ್ತು ಏನು ಮಾತಾಡಿದಿರಿ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಗಂಡ, ಅವ್ವನನ್ನು ಗೋಳುಹೊಯ್ದುಕೊಳ್ಳಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದರು.

ಅದಾದ ಮೇಲೆ ಒಂದು ಸಂಜೆ ಹೊಸಹೊಳಲಿನಿಂದ ಫೋನು ಬಂತು. ಅತ್ತೆ ನಡುಮನೆಯಲ್ಲಿ ಮೊರ ಮುಂದಿಟ್ಟುಕೊಂಡು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದರು. ಕೈ ತುಂಬ ಧೂಳು, ನೀನೇ ಎತ್ತು ಎಂದರು. ನಾನು ಎತ್ತಿ ಸ್ಪೀಕರಿಗೆ ಹಾಕಿ ಅವರ ಪಕ್ಕದಲ್ಲಿಟ್ಟೆ. ಮನೆಯಲ್ಲಿ ಇನ್ನಾರೂ ಇರಲಿಲ್ಲ. ಚಿಕ್ಕತ್ತೆ ನನ್ನ ಜೊತೆಯೇ ಮಾತಾಡಬೇಕು ಅಂದರು. ದನಿ ಏರಿಸಲಿಲ್ಲ, ಬಯ್ಯಲಿಲ್ಲ.

"ನಮ್ಮಕ್ಕುಂಗೆ ಅಕ್ಸರ ಬರಾಕಿಲ್ಲ ಕಣವ್ವ. ಅವಳ ಫೋನಲ್ಲಿ ಬರೆಯೋಳು ನೀನೊಬ್ಳೇಯ. ನಂಗಿನ್ನೇನೂ ಕೇಳಾದಿಲ್ಲ."

ನಾನು ಅತ್ತೆಯ ಕಡೆ ನೋಡಿದೆ. ಒಂದು ಮಾತು ಬೇಕಾಗಿತ್ತು ನನಗೆ. ನನಗೊಂದು ಫೋನು ಬಂದಿತ್ತು ಅನ್ನುವ ಒಂದೇ ಒಂದು ಮಾತು. ಅತ್ತೆ ತಲೆ ಎತ್ತಲಿಲ್ಲ. ಅವರ ಬೆರಳು ಹುರುಳಿಯ ಮೇಲೆ ಓಡಾಡುತ್ತಲೇ ಇತ್ತು. ಆರಿಸಿ ಮುಗಿದಿದ್ದ ಕಾಳನ್ನೇ ಮತ್ತೆ ಆರಿಸುತ್ತಿದ್ದರು. ಆ ಕಡೆ ಫೋನು ಇಟ್ಟರು. ನಾನು ಹಿತ್ತಿಲಿಗೆ ಹೋಗಿ ಹುಲ್ಲಿನ ಮೆದೆಯ ಹಿಂದೆ ನಿಂತುಕೊಂಡೆ. ಸಿಟ್ಟಿಗೆ ಅಳು ಬರುತ್ತದೆ ಎಂದು ನನಗೆ ಅವತ್ತು ತಿಳಿಯಿತು. ಈ ಮನೆಗೆ ಬಂದ ಲಾಗಾಯ್ತು ಒಬ್ಬರ ಒಂದು ಚಮಚಕ್ಕೆ ಆಸೆಪಟ್ಟವಳಲ್ಲ. ಎಚ್ಚರ ಎಚ್ಚರ ಎಂದು ಗಂಟಲು ಹರಿದುಕೊಂಡವಳು ನಾನು, ಕಳ್ಳಿ ಅನ್ನಿಸಿಕೊಂಡವಳೂ ನಾನೇ.

ಶ್ರಾವಣದಲ್ಲೇ ನಾಗಮಂಗಲದಲ್ಲಿ ನೆಂಟರ ಮದುವೆ. ಛತ್ರದಲ್ಲಿ ಹೆಂಗಸರು ಗುಂಪಾಗಿ ಕೂತು ಫೋನಿನಲ್ಲಿ ಫೋಟೋ ನೋಡುತ್ತಿದ್ದರು. ನಾನು ಹತ್ತಿರ ಹೋದೆ. ದೇವಲಾಪುರದ ಚಿಕ್ಕತ್ತೆ, ನನ್ನ ಮದುವೆಯಲ್ಲಿ ನನಗೆ ಮಲ್ಲಿಗೆ ಮುಡಿಸಿದವರು, ಫೋನನ್ನು ಎದೆಗೆ ಕವುಚಿಟ್ಟುಕೊಂಡರು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಅದಕ್ಕೇ ನನಗೆ ಹೆಚ್ಚು ಉರಿಯಿತು. ಊಟಕ್ಕೆ ಕೂರದೆ ಬಸ್ಸು ಹತ್ತಿದೆ. ಗಂಡನಿಗೆ ಹೇಳಿದರೆ, ನಾಲ್ಕು ದಿನಕ್ಕೆ ಮರೆತುಹೋಗುತ್ತದೆ ಬುಡು ಅಂದರು. ಯಾರಿಗೆ ಮರೆತುಹೋಗುತ್ತದೆ ಎಂದು ಕೇಳಿದೆ. ಅವರು ಟ್ರ್ಯಾಕ್ಟರಿಗೆ ಡೀಸೆಲ್ಲು ತರಲು ಹೋದರು.

ಹಿರಿಯರ ಹಬ್ಬ ಬಂತು. ನಮ್ಮ ಕಡೆ ಪಿತೃಪಕ್ಷದಲ್ಲಿ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ ಎಡೆ ಇಡುತ್ತಾರೆ, ನೆಂಟರನ್ನು ಕರೆಯುತ್ತಾರೆ. ಸತ್ತವರ ಹೆಸರಿನ ಊಟಕ್ಕೆ ಕರೆದಾಗ ಬರುವುದಿಲ್ಲ ಅನ್ನುವಂತಿಲ್ಲ. ಅದಕ್ಕೇ ಹೊಸಹೊಳಲಿನ ಚಿಕ್ಕತ್ತೆಯೂ ಬಂದರು. ನಾನು ನೀರು ಕೊಡಲು ಹೋದರೆ ಬೇಡ ಎಂದು ತಾವೇ ಹಂಡೆಯ ಹತ್ತಿರ ಹೋಗಿ ಮೊಗೆದುಕೊಂಡರು. ಮಾವನ ಫೋಟೋದ ಮುಂದೆ ಎಡೆ ಆಯಿತು, ಗಂಡಸರ ಪಂಕ್ತಿ ಎದ್ದಿತು, ಹೆಂಗಸರು ಕೂತರು. ನಾನು ಸಾರಿನ ಬಕೆಟ್ಟು ಹಿಡಿದು ಬಡಿಸುತ್ತ ಬಂದೆ. ಚಿಕ್ಕತ್ತೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು. ಅಕ್ಕ ಬಡಿಸಲಿ ಅಂದರು.

ಇಡೀ ಪಂಕ್ತಿ ನೋಡುತ್ತಿತ್ತು. ಬಕೆಟ್ಟು ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ಸಾರು ನೆಲಕ್ಕೆ ಚೆಲ್ಲಿತು. ಅತ್ತೆ ಒಲೆಯ ಹತ್ತಿರದಿಂದ ಎದ್ದು ಬಂದು, ನೆಲ ಒರೆಸುತ್ತಾರೆಂದುಕೊಂಡರೆ, ತಂಗಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತರು.

"ನಂಬರ್ ಯೋಳಿದ್ದು ನಾನು ಕಣಮ್ಮಿ. ಇವ್ಳಲ್ಲ."

ಚಿಕ್ಕತ್ತೆ ಅಕ್ಕನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಇದ್ನೂವೆ ನಿನ್ ಸೊಸೆನೇ ಯೋಳ್ಕೊಟ್ಟವ್ಳಾ?"

ನಾನು ಬಕೆಟ್ಟು ಅಲ್ಲೇ ಇಟ್ಟೆ. ಇನ್ನೊಂದು ಕ್ಷಣ ಅಲ್ಲಿ ನಿಂತಿದ್ದರೆ ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಅತ್ತೆ ನಡೆದದ್ದನ್ನು ಬಿಡಿಸಿ ಹೇಳತೊಡಗಿದರು. ಅವನು ಫೋನು ಮಾಡಿ, ದೊಡ್ಡವ್ವ ಊಟ ಆಯಿತೇ ಅಂದನಂತೆ. ನಮ್ಮ ಕಡೆಯದೇ ಮಾತು. ಹಸುವಿನ ಕಿವಿಗೆ ಸರ್ಕಾರದವರು ಹಾಕಿದ ಓಲೆಯ ನಂಬರು ಸರಿಮಾಡಬೇಕು, ಫೋನಿಗೆ ಆರು ಅಂಕಿ ಬರುತ್ತದೆ, ಹೇಳು ಅಂದನಂತೆ. ಅತ್ತೆ ಹಾಗೆಲ್ಲ ಹೇಳುವವರಲ್ಲ, ಮೊದಲು ಯಾರ ಪೈಕಿಯಪ್ಪ ನೀನು ಎಂದು ಕೇಳಿದರಂತೆ. ಅವನು ಗೋವಿಂದನಹಳ್ಳಿ ಅಂದ. ಮನೆದೇವರು ಕೇಳಿದರೆ ಸರಿಯಾಗಿ ಹೇಳಿದ. ಕೊನೆಗೆ, ಮನೆಯವರು ಮಾತ್ರ ಅತ್ತೆಯ ಅವ್ವನನ್ನು ಕರೆಯುತ್ತಿದ್ದ ಅಡ್ಡಹೆಸರನ್ನೂ ಹೇಳಿದ. ಅದು ಬದುಕಿರುವವರಲ್ಲಿ ಅಕ್ಕತಂಗಿಯರು ಮೂವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲದ್ದು. ಇನ್ನು ಅವನನ್ನು ಹೇಗೆ ನಂಬದೆ ಇರಲಿ ಎಂದು ಅತ್ತೆ ಕೇಳಿದರು.

ಚಿಕ್ಕತ್ತೆಯ ಅಂಗೈ ಎಲೆಯ ಮೇಲಿಂದ ನಿಧಾನಕ್ಕೆ ಸರಿಯಿತು. ಅಡ್ಡಹೆಸರು ಯಾರು ಹೇಳಿರುತ್ತಾರೆ ಎಂದು ದೇವಲಾಪುರದ ಚಿಕ್ಕತ್ತೆ ಕೇಳಿದರು.

ಆಮೇಲೆ ಹೊಸಹೊಳಲಿನ ಚಿಕ್ಕತ್ತೆಯೇ ಬಾಯಿ ಬಿಟ್ಟರು. ಅವರಿಗೂ ಅದಕ್ಕೆ ಮುಂಚೆ ಒಂದು ಫೋನು ಬಂದಿತ್ತಂತೆ. ಅವರೂ ಬಿಟ್ಟವರಲ್ಲ, ಯಾರ ಪೈಕಿ ಎಂದು ಜಾಲಾಡಿದ್ದರಂತೆ. ಗೋವಿಂದನಹಳ್ಳಿ, ನಮ್ಮವ್ವನ ತವರಿನ ಕಡೆಯವನಾ ಎಂದರೆ ಊಂ ಅಂದನಂತೆ. ಮನೆದೇವರ ಹೆಸರನ್ನೂ ಇವರೇ ಎತ್ತಿ, ಅದೇ ತಾನೆ ಎಂದರೆ ಊಂ ಅಂದನಂತೆ. ನಮ್ಮವ್ವನನ್ನು ಹೀಗೆ ಕರೆಯುತ್ತಿದ್ದರು, ಕೇಳಿದ್ದೀಯ ಎಂದರೆ ಅದಕ್ಕೂ ಊಂ ಅಂದನಂತೆ. ಫೋನಿಗೆ ಬರುವ ನಂಬರು ಓದು ಅಂದಾಗ ಮಾತ್ರ ಇವರ ಕನ್ನಡಕ ಒಳಗೆಲ್ಲೋ ಇತ್ತಂತೆ. ಎದ್ದು ಹೋಗಿ ಹುಡುಕಲು ಬೇಜಾರು. "ನಂಗ್ ಕಾಣಾಕಿಲ್ಲ ಕಣಪ್ಪ, ನಮ್ಮಕ್ಕುಂಗೆ ಮಾಡು ಅಂತ ಅಕ್ಕನ್ ನಂಬರ್ ಕೊಟ್ಟೆ" ಎಂದರು, ಎಲೆ ನೋಡಿಕೊಂಡು.

ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ನನಗೆ ನಗು ಬರಲಿಲ್ಲ. ಇಬ್ಬರೂ ಸೇರಿ ಅವನಿಗೆ ಅಜ್ಜಿಯ ಹೆಸರಿನಿಂದ ಹಿಡಿದು ಮನೆದೇವರ ತನಕ ಬಾಯಿಪಾಠ ಮಾಡಿಸಿದ್ದಾರೆ, ಕಳ್ಳತನ ಮಾತ್ರ ನನ್ನ ತಲೆಗೆ. ಚಿಕ್ಕತ್ತೆ ಬಕೆಟ್ಟಿನ ಕಡೆ ಕೈ ತೋರಿಸಿ, ಬಡಿಸವ್ವ ಅಂದರು. ಅಷ್ಟೇ. ತಪ್ಪಾಯಿತು ಎಂದು ನಮ್ಮ ಬಳಗದಲ್ಲಿ ಯಾರೂ ಯಾರಿಗೂ ಅಂದದ್ದನ್ನು ನಾನು ಕೇಳಿಲ್ಲ. ಬಡಿಸಿದೆ. ಎರಡನೇ ಸಲ ಕೇಳಿ ಹಾಕಿಸಿಕೊಂಡರು.

ನನ್ನ ಮೇಲಿನ ಅಪವಾದ ಕಳೆಯಿತು ಎಂದು ಎಲ್ಲರೂ ಸಮಾಧಾನಪಟ್ಟರು. ನನ್ನ ಸಿಟ್ಟು ಮಾತ್ರ ಹೋಗಲಿಲ್ಲ. ಅತ್ತೆ ನಂಬರು ಹೇಳಿದ್ದನ್ನು ಒಪ್ಪಿಕೊಂಡರು, ಸರಿ. ಅದು ಮೋಸ. ಯಾರಿಗೆ ಬೇಕಾದರೂ ಆಗುತ್ತದೆ. ಆದರೆ ಆ ಸಂಜೆ ಪಕ್ಕದಲ್ಲೇ ಕೂತು, ಎಲ್ಲವನ್ನೂ ಕೇಳಿಸಿಕೊಂಡು, ಹುರುಳಿ ಆರಿಸಿಕೊಂಡು ಇದ್ದರಲ್ಲ? ಆ ಮಾತು ಬರಲೇ ಇಲ್ಲ. ನಾನೂ ಎತ್ತಲಿಲ್ಲ. ಎತ್ತಿದರೆ ಎಲ್ಲಿಗೆ ಹೋಗಿ ನಿಲ್ಲುತ್ತೇನೋ ಎಂದು ನನಗೇ ಹೆದರಿಕೆ.

ಮನೆಯಲ್ಲಿ ಒಂದಿಷ್ಟು ಬಿಗಿ ಮಾಡಿದೆ. ಗಂಡನ ಫೋನು ಕಿತ್ತುಕೊಂಡು ದೇವರನ್ನು ಪಾಸ್‌ವರ್ಡಿನಿಂದ ಇಳಿಸಿದೆ. ಅತ್ತೆಯ ಖಾತೆಗೆ ಇನ್ನೊಂದು ಬೀಗ ಹಾಕಿದೆ. ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳೋಣ, ಈಗ ದನಿಯನ್ನೂ ಕದಿಯುತ್ತಾರೆ, ಹೊಸ ನಂಬರಿನಿಂದ ಯಾರು ನಮ್ಮವರೆಂದು ಫೋನು ಮಾಡಿದರೂ ಅದನ್ನು ಕೇಳಬೇಕು ಎಂದೆ. ಬೆಳಿಗ್ಗೆ ಗೊತ್ತುಮಾಡಿದ ಆ ಮಾತು ಸಂಜೆ ನಾನು ಬಸ್ಸಿಳಿಯುವ ಹೊತ್ತಿಗೆ ಡೈರಿಯ ಸಾಲಿನಲ್ಲಿ ನಿಂತಿದ್ದವರಿಗೆಲ್ಲ ಗೊತ್ತಿತ್ತು. ನಮ್ಮ ಸೊಸೆ ಎಂಥ ಉಪಾಯ ಮಾಡಿದ್ದಾಳೆ ನೋಡಿ ಎಂದು ಅತ್ತೆ ಹೆಮ್ಮೆಯಿಂದ ಸಾರಿದ್ದರು. ನಾನು ತಲೆ ಚಚ್ಚಿಕೊಂಡೆ. ನನ್ನ ರೇಗಾಟ ಕೇಳಿ ಅತ್ತೆ, ಹಾಗಾದರೆ ನಾನೇ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ, ಏನೆಂದು ನಿನಗೂ ಹೇಳುವುದಿಲ್ಲ ಅಂದರು. ಏನಾದರೂ ಮಾಡಿಕೊಳ್ಳಿ ಎಂದೆ.

ಮೊನ್ನೆ ಚಳಿಗಾಲದಲ್ಲಿ ನಡೆದದ್ದು ಇದು. ಕಚೇರಿಗೆ ಬೀಗ ಹಾಕಿ ಶ್ರೀರಂಗಪಟ್ಟಣದ ಬಸ್ ನಿಲ್ದಾಣಕ್ಕೆ ಬಂದ ಮೇಲೆ ನೋಡುತ್ತೇನೆ, ಫೋನು ಮೇಜಿನ ಮೇಲೆಯೇ ಉಳಿದಿದೆ. ಬೀಗದ ಕೈ ತೆಗೆದುಕೊಂಡು ಸಾಹೇಬರು ಮೈಸೂರಿಗೆ ಹೋಗಿಯಾಗಿತ್ತು. ನಮ್ಮೂರಿನ ಬಸ್ಸೂ ಹೋಗಿಯಾಗಿತ್ತು. ಪಾಂಡವಪುರದ ತನಕ ಬೇರೆ ಬಸ್ಸಿನಲ್ಲಿ ಹೋಗಬಹುದು, ಅಲ್ಲಿಂದ ಊರಿಗೆ ಗಂಡ ಬೈಕು ತರಬೇಕು. ಗಂಡನ ನಂಬರು ನನಗೆ ಬಾಯಿಗೆ ಬರುವುದಿಲ್ಲ. ಬರುವುದು ಅತ್ತೆಯದೊಂದೇ, ಮನೆಯ ಹಳೇ ನಂಬರು ಅದು. ಹೂ ಮಾರುವ ಹೆಂಗಸಿನ ಫೋನು ಕೇಳಿ ಪಡೆದು ಒತ್ತಿದೆ.

"ಯಾರು?" ಎಂದರು ಅತ್ತೆ. ನಾನು ಎಂದೆ. ನನ್ನ ಸೊಸೆಯ ನಂಬರು ಇದಲ್ಲ ಎಂದು ಇಟ್ಟುಬಿಟ್ಟರು.

ಹೂವಿನವಳು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಲೋಕಕ್ಕೆಲ್ಲ ಬಾಗಿಲು ತೆಗೆದಿಟ್ಟಿದ್ದವರು, ಈಗ ನನಗೆ ಹಾಕುತ್ತಾರೆ ಚಿಲಕ. ಮತ್ತೆ ಒತ್ತಿದೆ. ನನ್ನ ದನಿ ಗೊತ್ತಾಗುವುದಿಲ್ಲವೇ, ಫೋನು ಕಚೇರಿಯಲ್ಲಿ ಉಳಿದಿದೆ ಎಂದು ಒಂದೇ ಉಸಿರಿಗೆ ರೇಗಿದೆ. ದನಿಯನ್ನೂ ಕದಿಯುತ್ತಾರೆಂದು ಹೇಳಿದವಳು ನನ್ನ ಸೊಸೆಯೇ ಎಂದರು ಅತ್ತೆ. ಈ ಸಲ ಇಡಲಿಲ್ಲ. ಒಂದು ಪ್ರಶ್ನೆ ಕೇಳಿದರು.

"ಅವತ್ತು ಹೊಸಹೊಳಲಿಂದ ಫೋನ್ ಬಂದಾಗ ನಾನೇನ್ ಮಾಡ್ತಾ ಕುಂತಿದ್ದೆ, ಯೋಳು."

ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಹೂವಿನವಳು ಫೋನಿಗಾಗಿ ಕೈ ಚಾಚಿಕೊಂಡೇ ಇದ್ದಳು.

"ಹುರುಳಿ ಆರಿಸ್ತಿದ್ರಿ" ಎಂದೆ.

"ಇನ್ನೇನ್ ಮಾಡ್ದೆ?"

"ಇನ್ನೇನೂ ಮಾಡ್ಲಿಲ್ಲ ಅತ್ತೆ. ಸುಮ್ನೆ ಕೂತಿದ್ರಿ."



"ಊಂ. ನೀನೇ ಕಣವ್ವ. ಯೋಳು ಈಗ, ಏನಾಗ್ಬೇಕು?"

ಬಸ್ಸು ತಪ್ಪಿತು ಎಂದು ಹೇಳುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು.